ಮರಿಗಳ ಪೆಟ್ಟಿಗೆಯ ಬಲ್ಬು

ಪ್ರೀತಿಕಾ ನಮ್ಮ ಮನೆಗೆ ಬಂದು ಹೋದ ಮರುದಿನ ಬೆಳಿಗ್ಗೆ ಮೂರು ಕೋಳಿಮರಿಗಳು ಸತ್ತು ಬಿದ್ದಿದ್ದವು.

ಒಟ್ಟು ಹನ್ನೊಂದು ಇದ್ದವು. ತಾಯಿಕೋಳಿಯನ್ನು ಮುಂಗುಸಿ ಹಿಡಿದ ಮೇಲೆ ಅವುಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಉಮಿ ಹಾಸಿ, ಮೇಲಿನಿಂದ ಒಂದು ಬಲ್ಬು ಇಳಿಬಿಟ್ಟು ಸಾಕುತ್ತಿದ್ದೆವು. ನಿಜವಾಗಿ ಸಾಕುತ್ತಿದ್ದವಳು ನನ್ನ ಮಗಳು ದೀಪ್ತಿ. ಮೂರನೇ ಕ್ಲಾಸಿನವಳು. ಶಾಲೆಯಿಂದ ಬಂದರೆ ಬೆನ್ನಿನ ಚೀಲ ಇಳಿಸುವ ಮೊದಲೇ ಪೆಟ್ಟಿಗೆಗೆ ಬಗ್ಗುತ್ತಿದ್ದಳು. ಹನ್ನೊಂದಕ್ಕೂ ಹೆಸರಿಟ್ಟಿದ್ದಳು. ಸತ್ತ ಮೂರನ್ನು ನೋಡಿ ಅವಳು ಅಳಲಿಲ್ಲ. ಉಳಿದವನ್ನು ಎಣಿಸಿದಳು, ಮತ್ತೊಮ್ಮೆ ಎಣಿಸಿದಳು.

"ಕಣ್ಣು ತಾಗಿದ್ದು," ಎಂದರು ಅತ್ತೆ. "ನಿನ್ನೆ ಆ ಹುಡುಗಿ ಪೆಟ್ಟಿಗೆಗೆ ಬಗ್ಗಿ ಎಂತ ಹೇಳಿದ್ಲು? ಅಯ್ಯೋ ಎಷ್ಟು ಚಂದ ಮರಿಗಳು ಅಂತ! ನಾನು ಕೇಳಿದ್ದೇನೆ."

ಪ್ರೀತಿಕಾ ನಮ್ಮ ಮಹಿಳಾ ಸಂಘದವಳು. ನಮ್ಮೂರು ಕಾಣಿಯೂರಿಗೆ ಸೊಸೆಯಾಗಿ ಬಂದು ಎರಡು ವರ್ಷ ಆಗಿರಬಹುದು. ಮನೆಮನೆಯ ಹಳೆ ಬಲ್ಬು ತೆಗೆಸಿ ಎಲ್‌ಇಡಿ ಹಾಕಿಸುವ ಕೆಲಸವನ್ನು ಸಂಘ ಅವಳಿಗೆ ವಹಿಸಿತ್ತು. ಒಂದು ಹಳತು ಕೊಟ್ಟರೆ ಒಂದು ಹೊಸತು. ಅವಳು ಬಂದಾಗ ನಾನು ಬಂಗುಡೆ ಮೀನು ಕೊಯ್ಯುತ್ತಿದ್ದೆ, ಕೈ ಬಿಡುವಿರಲಿಲ್ಲ. "ಎಲ್ಲಾ ಕಡೆ ನೀನೇ ನೋಡಿ ಹಾಕು ಮಾರಾಯ್ತಿ," ಎಂದು ಒಳಗಿನಿಂದಲೇ ಹೇಳಿದ್ದೆ. ಅವಳು ಕೋಣೆಕೋಣೆ ಸುತ್ತಿ ಬಲ್ಬು ಬದಲಿಸಿ, ಸಂಘಕ್ಕೆ ತೋರಿಸಲೆಂದು ಫೋಟೋ ತೆಗೆದುಕೊಂಡು ಹೋಗಿದ್ದಳು.

ಅದೆಲ್ಲ ಈಗ ಬೇರೆಯಾಗಿ ಕಾಣಿಸಿತು. ಫೋಟೋ ಎಂತಕ್ಕೆ? ಹೊಸತನ್ನು ಪುಕ್ಕಟೆ ಕೊಡುವವರಿಗೆ ಹಳತು ಎಂತಕ್ಕೆ? ಹಿಂದಿನ ವಾರ ಎರಡು ಮರಿ ಕೇಳಿದ್ದಳು, ದೀಪ್ತಿ ಕೊಡುವುದಿಲ್ಲ ಎಂದಿದ್ದಳು. ಆ ಸಿಟ್ಟು ಇದ್ದಿರಬಹುದೇ? ಪೆಟ್ಟಿಗೆಯ ಮೇಲೂ ಹೊಸ ಬಲ್ಬು ಬೆಳ್ಳಗೆ ಉರಿಯುತ್ತಿತ್ತು. ಅಲ್ಲಿಗೂ ಅವಳು ಕೈ ಹಾಕಿದ್ದಳು ಎಂದಾಯಿತು. ಮರಿಗಳ ನೀರಿಗೆ ಏನಾದರೂ ಬಿದ್ದಿತ್ತೋ ಏನೋ.

ಅತ್ತೆ ಉಪ್ಪು, ಮೆಣಸು ನಿವಾಳಿಸಿ ಒಲೆಗೆ ಹಾಕಿದರು. ನಾನು ಹಾಲಿನ ಕ್ಯಾನು ಹಿಡಿದು ಡಿಪೋಗೆ ಹೋದೆ. ಅಲ್ಲಿ ಪ್ರೀತಿಕಾ ಇದ್ದಳು.

"ನಮ್ಮ ಮರಿಗಳಿಗೆ ಎಂತ ಮಾಡಿದ್ದಿ?" ಎಂದು ಎಲ್ಲರ ಎದುರೇ ಕೇಳಿಬಿಟ್ಟೆ.

ಅವಳಿಗೆ ಅರ್ಥವಾಗಲು ಹೊತ್ತು ಹಿಡಿಯಿತು. "ನಾನಾ? ನಾನು ಮುಟ್ಟಲೇ ಇಲ್ಲ ಊರ್ಮಿಳಕ್ಕ."

"ಮುಟ್ಟದೆ ಬಲ್ಬು ಹೇಗೆ ಬದಲಾಯ್ತು?"

"ಅದು ನನಗೆ ಗೊತ್ತಿಲ್ಲ, ದೇವರಾಣೆ."

ಹಾಲು ಅಳೆಯುತ್ತಿದ್ದ ಕುಶಾಲಪ್ಪಣ್ಣ ನಕ್ಕರು. "ಬಲ್ಬು ಕೊಟ್ಟು ಕೋಳಿ ತೆಗೆದ್ರಾ? ಒಳ್ಳೆ ವ್ಯಾಪಾರ ಮಾರಾಯ್ರೆ!"

ಯಾರೂ ಜೋರಾಗಿ ನಗಲಿಲ್ಲ. ಆದರೆ ಸಂಜೆಯೊಳಗೆ ನಾಲ್ಕು ಮನೆಯವರು ಹೊಸ ಬಲ್ಬು ಕಳಚಿಟ್ಟರು. ಆ ಬೆಳಕು ಜೀವಗಳಿಗೆ ಆಗುವುದಿಲ್ಲವಂತೆ ಎಂಬ ಮಾತು ನನಗಿಂತ ಮೊದಲೇ ಊರು ಸುತ್ತಿ ಬಂತು.

ಮರುದಿನ ಇನ್ನೆರಡು ಸತ್ತವು.

ಧನು ತಿಂಗಳ ಚಳಿ. ಉಳಿದ ಆರೂ ಮೂಲೆಯಲ್ಲಿ ಒಂದರ ಮೇಲೊಂದು ಏರಿ, ಎಲ್ಲಕ್ಕಿಂತ ಕೆಳಗೆ ಹೋಗಲು ನುಗ್ಗಾಡುತ್ತಿದ್ದವು. ಒಂದನ್ನು ಎತ್ತಿ ಅಂಗೈಯಲ್ಲಿ ಮುಚ್ಚಿಕೊಂಡೆ. ಕಾಲು ಹಸಿಕಡ್ಡಿಯ ಹಾಗೆ ತಣ್ಣಗಿತ್ತು. ಆಗ ಇನ್ನೊಂದು ಕೈಯನ್ನು ಬಲ್ಬಿನ ಕೆಳಗೆ ಹಿಡಿದೆ. ಏನೂ ಇಲ್ಲ. ಬಲ್ಬನ್ನೇ ಮುಟ್ಟಿದೆ. ಉಗುರು ಬೆಚ್ಚಗೆ, ಅಷ್ಟೇ. ಹಳೆಯದಾಗಿದ್ದರೆ ಬೆರಳು ಸುಡುತ್ತಿತ್ತು. ಬೆಳಕು ಹೆಚ್ಚಿದರೆ ಬಿಸಿಯೂ ಹೆಚ್ಚು ಎಂದುಕೊಂಡಿದ್ದೆ ನಾನು. ಕರೆಂಟು ಉಳಿಸುವ ಬಲ್ಬು ಉಳಿಸಿದ್ದು ಆ ಬಿಸಿಯನ್ನೇ.

"ಇಲ್ಲಿಗೆ ಇದನ್ನು ಯಾರು ಹಾಕಿದ್ದು?" ಎಂದೆ.

"ಅವಳೇ. ಮತ್ತೆ ಯಾರು?" ಎಂದರು ಅತ್ತೆ.

ದೀಪ್ತಿ ಪೆಟ್ಟಿಗೆಯ ಪಕ್ಕ ಕುಳಿತು ನುಚ್ಚನ್ನು ಒಂದೊಂದೇ ಕಾಳು ಹಾಕುತ್ತಿದ್ದಳು. ತಲೆ ಎತ್ತಲಿಲ್ಲ. ನಾನು ಕೈಯ ಮರಿಯನ್ನು ಪೆಟ್ಟಿಗೆಗೆ ಬಿಟ್ಟು ಅವಳ ಪಕ್ಕ ಕುಳಿತೆ.

"ಮಗಾ?"

"ನೀನು ಬಲ್ಬು ಮುಟ್ಟಬಾರದು ಹೇಳಿದ್ದಿ," ಎಂದಳು. "ಕುರ್ಚಿ ಇಟ್ಟು ಹತ್ತಿದೆ. ಹಳತನ್ನು ಪ್ರೀತಿಕಾ ಅಕ್ಕನಿಗೆ ಕೊಟ್ಟು ಹೊಸತು ತಂದೆ. ಅವಕ್ಕೆ ಅಮ್ಮ ಇಲ್ಲ ಅಲ್ವಾ. ಒಳ್ಳೆ ಬೆಳಕಿದ್ರೆ ಹೆದರುದಿಲ್ಲ ಅಂತ."

ಅತ್ತೆ ಬಾಯಿ ತೆರೆದರು. ನಾನು ಅವರನ್ನು ನೋಡಿದೆ. ಅವರು ಪೆಟ್ಟಿಗೆಯನ್ನು ಎತ್ತಿ ಬಚ್ಚಲೊಲೆಯ ಹತ್ತಿರ ಇಟ್ಟು, ಬೆಕ್ಕು ಬಾರದ ಹಾಗೆ ಅಲ್ಲೇ ಕುಳಿತರು.

ಪ್ರೀತಿಕಾಳ ಮನೆಗೆ ದೀಪ್ತಿಯೂ ಬಂದಳು. ಬೇಡ ಎಂದರೂ ಸೆರಗು ಬಿಡಲಿಲ್ಲ. ಹಳೆ ಬಲ್ಬುಗಳ ಚೀಲ ಜಗಲಿಯಲ್ಲಿತ್ತು. ಪ್ರೀತಿಕಾ ನಮ್ಮನ್ನು ಕೂರಲು ಹೇಳಲಿಲ್ಲ.

"ಒಂದು ಅರವತ್ತು ವಾಟಿನ ಹಳೆ ಬಲ್ಬು ಬೇಕಿತ್ತು," ಎಂದೆ. "ಮರಿಗಳಿಗೆ ಬಿಸಿ ಸಾಲದೆ ಹೋಯ್ತು. ನೀನು ಮುಟ್ಟಿದ್ದಲ್ಲ. ನಾನೇ ಗೊತ್ತಾಗದೆ..."

"ಅಮ್ಮ ಅಲ್ಲ," ಎಂದಳು ದೀಪ್ತಿ. "ನಾನು."

ಪ್ರೀತಿಕಾ ಅವಳನ್ನೇ ನೋಡಿದಳು. "ಇನ್ನೊಂದು ಉಂಟು ಅಕ್ಕ ಅಂತ ತಂದುಕೊಟ್ಟದ್ದು ಅದಾ? ಎಲ್ಲಿಯದ್ದು ಅಂತ ನಾನೂ ಕೇಳಲಿಲ್ಲ." ಚೀಲಕ್ಕೆ ಕೈ ಹಾಕಿ ಒಂದನ್ನು ತೆಗೆದು, ಹೋಲ್ಡರಿಗೆ ಸಿಕ್ಕಿಸಿ ಉರಿಸಿ ನೋಡಿ, ಬಿಸಿ ಆರಿದ ಮೇಲೆ ಸೆರಗಿನಲ್ಲಿ ಒರೆಸಿ ಮಗುವಿನ ಕೈಗೆ ಕೊಟ್ಟಳು. ನನ್ನ ಕಡೆ ತಿರುಗಿದಾಗ ಮುಖ ಮೊದಲಿನಂತೆಯೇ ಬಿಗಿದುಕೊಂಡಿತ್ತು.

"ಡಿಪೋದಲ್ಲಿ ಹನ್ನೆರಡು ಜನ ಇದ್ರು ಊರ್ಮಿಳಕ್ಕ. ಇಲ್ಲಿ ಜಗಲಿಯಲ್ಲಿ ಹೇಳಿದ್ರೆ ಯಾರಿಗೆ ಕೇಳ್ತದೆ? ಇನ್ನೂ ಹದಿನೇಳು ಮನೆ ಬಾಕಿ ಉಂಟು. ನನ್ನನ್ನು ಈಗ ಯಾರೂ ಒಳಗೆ ಬಿಡುದಿಲ್ಲ."

"ನಾನು ಬರ್ತೇನೆ," ಎಂದೆ.

ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಅವಳ ಜೊತೆ ಹೊರಟೆ. ಮೊದಲನೆಯದು ಮುನೀರಾಳ ಮನೆ. ಬಾಗಿಲು ಅರ್ಧವೇ ತೆರೆಯಿತು.

"ಅದೇ ಬಲ್ಬಾ?" ಎಂದಳು ಮುನೀರಾ, ಪ್ರೀತಿಕಾಳ ಚೀಲವನ್ನು ನೋಡುತ್ತಾ. "ಕೋಳಿ ಸಾಯುವಂಥದ್ದು?"

ಮಾತಾಡಬೇಕಾದವಳು ನಾನಾಗಿದ್ದೆ.

"ಅಲ್ಲ ಮುನೀರಾ. ಸತ್ತದ್ದು ಚಳಿಗೆ. ಡಿಪೋದಲ್ಲಿ ನಾನು ಹೇಳಿದ್ದು ಸುಳ್ಳು. ಇವಳದ್ದು ಎಂತದ್ದೂ ತಪ್ಪಿಲ್ಲ."

"ನಿನ್ನೆ ಒಂದು, ಇವತ್ತು ಒಂದು," ಎಂದಳು ಅವಳು. ಬಾಗಿಲು ಹಾಗೆಯೇ ಇತ್ತು. "ಯಾವುದನ್ನು ನಂಬುದು?"

"ನಂಬುದು ಬೇಡ. ನಿಮ್ಮಲ್ಲಿ ಮರಿಗಳ ಪೆಟ್ಟಿಗೆ ಉಂಟಾ?"

"ಉಂಟು. ಒಂಬತ್ತು."

"ಅದರ ಹಳೆ ಬಲ್ಬು ಯಾರು ಕೇಳಿದ್ರೂ ಕೊಡಬೇಡ, ಮರಿಗಳಿಗೆ ಅದರದ್ದೇ ಬಿಸಿ. ಇವಳು ಕೇಳಿದ್ರೂ."

ಮುನೀರಾ ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಬಾಗಿಲಿನಿಂದ ಕೈ ತೆಗೆದು ಪಕ್ಕಕ್ಕೆ ಸರಿದಳು.