ಇನ್ನೂ ದೊಡ್ಡದು

ನಮ್ಮ ಮನೆಯ ಪಡಸಾಲೆಯಲ್ಲಿ, ಬೀದಿಗೆ ತೆರೆದ ಕಿಟಕಿಯ ಪಕ್ಕ, ಅತ್ತಿಗೆಯ ಹೊಲಿಗೆ ಯಂತ್ರವಿತ್ತು. ತಿಂಗಳಲ್ಲಿ ಮೂರು ದಿನ ಅದರ ಮೇಲೆ ಒಂದು ನೀಲಿ ಬಟ್ಟೆ ಹೊದಿಸಿರುತ್ತಿತ್ತು. ಹೊದಿಸುತ್ತಿದ್ದವಳು ಅಮ್ಮ. ರವಿಕೆ ಹೊಲಿಯಲು ಕೊಡಬೇಕೆಂದು ಬಂದ ಹೆಂಗಸರು ಕಿಟಕಿಯೊಳಗೆ ಕಣ್ಣು ಹಾಯಿಸಿ, ನೀಲಿ ಬಟ್ಟೆ ಕಂಡರೆ ಏನೂ ಕೇಳದೆ ಹಿಂತಿರುಗುತ್ತಿದ್ದರು. ನಾಲ್ಕನೆಯ ದಿನ ಅತ್ತಿಗೆ ತಲೆಗೆ ಸ್ನಾನ ಮಾಡಿ ಒಳಗೆ ಬಂದ ಮೇಲೆ ಅಮ್ಮನೇ ಅದನ್ನು ತೆಗೆದು, ಮಡಿಸಿ, ಪೆಟ್ಟಿಗೆಯ ಮೇಲಿಡುತ್ತಿದ್ದಳು.

ವಾರಿಜತ್ತಿಗೆ ಹೊಲಿಯುತ್ತಿದ್ದುದು ಹೆಚ್ಚಾಗಿ ಮದುವೆಯ ರವಿಕೆಗಳನ್ನು. ಮುಟ್ಟಾದವಳು ಹೊಲಿದದ್ದನ್ನು ಹಸೆಮಣೆಯ ಮೇಲೆ ತೊಡಬಾರದೆಂಬುದು ಊರಿನ ಕಟ್ಟುಪಾಡು. ಅದನ್ನು ನಮ್ಮ ಮನೆಯಲ್ಲಿ ನಿಯತ್ತಾಗಿ ನಡೆಸುತ್ತಾರೆ ಎಂಬ ಕಾರಣಕ್ಕೇ ದೂರದ ಬೀದಿಗಳಿಂದಲೂ ಜನ ಬರುತ್ತಿದ್ದರು. ಕಾಲೇಜಿನ ನೆಪದಲ್ಲಿ ಹೊರಗೆ ಕೂರುವುದರಿಂದ ವಿನಾಯಿತಿ ಪಡೆದಿದ್ದ ನನಗೆ ಮಾತ್ರ ಆ ಬಟ್ಟೆಯನ್ನು ಕಂಡರೆ ಮೈ ಉರಿಯುತ್ತಿತ್ತು. ಅತ್ತಿಗೆಯ ಒಳಗಿನ ಸಂಗತಿಯನ್ನು ಬೀದಿಗೆ ಸಾರುವ ಫಲಕದಂತೆ ಅದು ಕಾಣುತ್ತಿತ್ತು.

ನಾನು ಮೊದಲಿನಿಂದಲೂ ಅಂಜುಬುರುಕಿ. ಎದ್ದಾಗಲೆಲ್ಲ ಕಲೆಯಾಗಿದೆಯೇ ಎಂದು ತಿರುಗಿ ಕುರ್ಚಿಯನ್ನು ನೋಡುವವಳು. ಯಾರ ಮುಖ ಬಾಡಿದರೂ ನನಗೆ ಮೊದಲು ತಿಳಿಯುತ್ತದೆ ಎಂಬ ನಂಬಿಕೆಯೂ ಇತ್ತು. ಅದರಲ್ಲೂ ಅತ್ತಿಗೆ, ನನಗೆ ಎರಡು ವರ್ಷವಾಗಿದ್ದಾಗ ಅಣ್ಣನನ್ನು ಮದುವೆಯಾಗಿ ಬಂದವಳು. ನನಗೆ ಜಡೆ ಹಾಕಿ, ಉಣ್ಣಿಸಿ ಬೆಳೆಸಿದವಳು. ಅವಳಿಗೆ ಮಕ್ಕಳಾಗಲಿಲ್ಲ.

ಒಂದು ನಾಲ್ಕನೆಯ ದಿನ, ಸ್ನಾನವಾಗಿ ಯಂತ್ರದ ಮುಂದೆ ಕುಳಿತ ಅತ್ತಿಗೆ ಗಂಟೆಯೊಳಗೆ ಮೂರು ಸಲ ಎದ್ದು ಹಿತ್ತಲಿಗೆ ಹೋದಳು. ನಾನು ಹಿಂದೆಯೇ ಹೋಗಿ ಕೇಳಿದೆ.

"ನಿಂತಿಲ್ಲ ಕಣೇ," ಎಂದಳು ಮೆಲ್ಲಗೆ. "ನಿಮ್ಮಮ್ಮಂಗೆ ಹೇಳಬೇಡ. ಹೇಳಿದ್ರೆ ಮತ್ತೆ ಮುಚ್ಚಿಬಿಡ್ತಾರೆ. ಪಕ್ಕದ್ಮನೆ ರುಕ್ಕಮ್ಮನ ಮಗಳ ಮದುವೇದು ಇನ್ನೂ ಆರು ರವಿಕೆ ಇದೆ."

"ಎಷ್ಟು ದಿನದಿಂದ ಹೀಗೆ?"

"ನಿಲ್ಲೋ ವಯಸ್ಸು ಬಂತಲ್ಲ, ಸ್ವಲ್ಪ ಎಳೆಯುತ್ತೆ. ಅದಲ್ಲ ಕಷ್ಟ. ಪೆಡಲ್ ತುಳಿಯೋವಾಗ ಬಟ್ಟೆ ಅಂಚು ಉಜ್ಜಿ ಉಜ್ಜಿ ತೊಡೆ ಸುಲಿದುಹೋಗಿದೆ, ನೋಡು." ನಂತರ ಸೀರೆಯನ್ನು ಸರಿಪಡಿಸಿಕೊಳ್ಳುತ್ತ ಹೇಳಿದಳು: "ಈ ಮನೇಲಿ ನನ್ನದು ಅಂತ ಇರೋದು ಆ ಮಷಿನ್ನು ಒಂದೇ. ಅದೂ ಹತ್ತು ದಿನ ಮುಚ್ಚಿಕೊಂಡು ಕೂತರೆ ನಾನೇನು ಮಾಡ್ಲಿ?"

ಎಷ್ಟು ದಿನ ಎಂಬ ನನ್ನ ಪ್ರಶ್ನೆಗೆ ಅವಳು ಉತ್ತರ ಕೊಟ್ಟಿರಲಿಲ್ಲ. ನಾನು ಸುಲಿದ ತೊಡೆಯನ್ನು ನೋಡಿ ಆ ಪ್ರಶ್ನೆಯನ್ನು ಮರೆತೆ.

ಅಂದಿನಿಂದ ಅವಳಿಗೆ ಹಿತವಾದುದನ್ನು ಹುಡುಕುವುದು ನನ್ನ ಗುಟ್ಟಿನ ಕೆಲಸವಾಯಿತು. ಕಾಲೇಜಿನ ಊರಿನಲ್ಲಿ ಮೂರು ಔಷಧಿ ಅಂಗಡಿಗಳಿದ್ದವು. ಒಬ್ಬನೇ ಪದೇಪದೇ ನನ್ನ ಮುಖ ನೋಡಬಾರದೆಂದು ಸರದಿಯ ಮೇಲೆ ಹೋಗುತ್ತಿದ್ದೆ. ಅವರು ಪೊಟ್ಟಣವನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಕಪ್ಪು ಚೀಲದಲ್ಲಿ ಹಾಕಿ ಕೊಡುತ್ತಿದ್ದರು. ಮೊದಲು ತಂದ ಪ್ಯಾಡು ದಪ್ಪನೆಯದು. "ತಲೆದಿಂಬು ಕಟ್ಟಿಕೊಂಡು ಕೂತ ಹಾಗಿದೆ," ಎಂದಳು ಅತ್ತಿಗೆ. ಎರಡನೆಯದು ತೆಳ್ಳಗೆ, ಮೇಲೊಂದು ಪ್ಲಾಸ್ಟಿಕ್ ಜಾಲರಿ. ಎರಡೇ ದಿನಕ್ಕೆ ಉರಿ, ಕೆಂಪು ಗಂದೆ. ಮೂರನೆಯದಕ್ಕೆ ಮೇಲೆ ಹತ್ತಿಯ ಪದರ. ಅದು ಮೆತ್ತಗಿದ್ದರೂ ಪೆಡಲಿನ ತುಳಿತಕ್ಕೆ ಮುದುಡಿ ಒಂದು ಪಕ್ಕಕ್ಕೆ ಸರಿಯುತ್ತಿತ್ತು. ನೋಟ್ ಪುಸ್ತಕದ ಕೊನೆಯ ಹಾಳೆಯಲ್ಲಿ ನಾನು ಎಲ್ಲವನ್ನೂ ಬರೆದಿಟ್ಟೆ: ಯಾವುದು ಎಷ್ಟು ಗಂಟೆ ತಡೆಯಿತು, ಯಾವುದು ಉರಿಸಿತು, ಯಾವುದು ಸರಿಯಿತು. ಆ ಹಾಳೆಯಲ್ಲಿ ಗಂಟೆಗಳಿದ್ದವು. ದಿನಗಳಿರಲಿಲ್ಲ.

ಆಮೇಲೆ ಕಪ್ ತಂದೆ, ಮುಟ್ಟಿನ ರಕ್ತ ಹಿಡಿಯುವ ಮೆತ್ತನೆಯ ಪುಟ್ಟ ಬಟ್ಟಲು. ಕಾಲೇಜಿಗೆ ಉಪನ್ಯಾಸ ಕೊಡಲು ಬಂದ ಒಬ್ಬರು ಅದನ್ನು ತೋರಿಸಿದ್ದರು. ಅತ್ತಿಗೆ ಅದನ್ನು ಅಂಗೈಯಲ್ಲಿಟ್ಟು ಹಿಂದೆ ಮುಂದೆ ನೋಡಿದಳು.

"ಇದೇನೇ, ನಾಲಗೆ ಕಿತ್ತ ಗಂಟೆ ಹಾಗಿದೆ? ಇದನ್ನ ಎಲ್ಲಿಡೋದು?"

ಹೇಳಿದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. "ನಿನ್ನನ್ನ ಕಾಲೇಜಿಗೆ ಕಳಿಸಿದ್ದು ಇದನ್ನ ಓದೋಕಾ?"

ಕಲಿಯಲು ಒಂದು ವಾರ ಹಿಡಿಯಿತು. ಕೊನೆಗೊಂದು ಬೆಳಿಗ್ಗೆ ಯಂತ್ರದ ಮುಂದೆ ಕುಳಿತು, ಎರಡು ತೋಳು ಹೊಲಿದು, ಏಳದೆಯೇ ನನ್ನ ಕಡೆ ತಿರುಗಿದಳು. "ಏನೂ ಆಗಿಲ್ಲದ ಹಾಗಿದೆ ಕಣೇ. ಹದಿಮೂರು ವರ್ಷಕ್ಕೆ ದೊಡ್ಡವಳಾಗೋಕೆ ಮುಂಚೆ ಹೀಗಿದ್ದೆ." ನನ್ನ ಬದುಕಿನಲ್ಲಿ ಅಷ್ಟು ಹೆಮ್ಮೆಪಟ್ಟ ದಿನ ಇನ್ನೊಂದಿಲ್ಲ.

ಆಮೇಲೆ ಅವಳು ಮೂರು ದಿನ ಹೊರಗೆ ಕೂರುವುದನ್ನೂ ಬಿಟ್ಟಳು. ಅಮ್ಮನಿಗೆ ತಿಳಿಸದೇ ಹೋದರಾಯಿತು. ಹಿತ್ತಲಲ್ಲಿ ಒಗೆದು ಹರವುವ ಬಟ್ಟೆಯಿಲ್ಲ, ಪದೇಪದೇ ಎದ್ದು ಹೋಗುವುದಿಲ್ಲ, ತಿಳಿಯುವುದಾದರೂ ಹೇಗೆ? "ಈಚೆಗೆ ನೀನು ಕೂತ ಹಾಗೇ ಕಾಣಲಿಲ್ಲ ವಾರಿಜಾ," ಎಂದು ಅಮ್ಮ ಕೇಳಿದಾಗ ಅವಳು, "ನಿಂತುಹೋಯ್ತು ಅತ್ತೆ," ಎಂದುಬಿಟ್ಟಳು. "ಪುಣ್ಯವಂತೆ ಕಣಮ್ಮ, ಬೇಗ ಬಿಡುಗಡೆ ಆಯ್ತು," ಎಂದಳು ಅಮ್ಮ. ಪೆಟ್ಟಿಗೆಯ ಮೇಲಿದ್ದ ನೀಲಿ ಬಟ್ಟೆಯ ಮಡಿಕೆಗಳಲ್ಲಿ ಧೂಳು ಕೂತಿತು. ಪಕ್ಕದ ಮನೆಯ ರುಕ್ಕಮ್ಮ ಕಿಟಕಿಯ ಹೊರಗೆ ನಿಂತು ಕೆಣಕುತ್ತಿದ್ದಳು: "ಏನಮ್ಮ, ನಿಮ್ಮ ಮಷಿನ್ನಿಗೆ ರಜಾನೇ ಇಲ್ವಾ ಈಗ?"

ಒಂದು ಮಧ್ಯಾಹ್ನ ನಾನು ಕಾಲೇಜಿಗೆ ಹೊರಟಿದ್ದೆ. ಅತ್ತಿಗೆ ಬಾಗಿಲ ತನಕ ಬಂದು ತಗ್ಗಿದ ದನಿಯಲ್ಲಿ ಹೇಳಿದಳು: "ಎರಡು ಗಂಟೆಗೇ ತುಂಬಿಬಿಡುತ್ತೆ ಕಣೇ. ಇದಕ್ಕಿಂತ ದೊಡ್ಡದು ಬರುತ್ತಾ?"

ಆ ಕಪ್ಪಿನ ಜೊತೆಗೆ ಒಂದು ಚೀಟಿಯಿತ್ತು. ಬೆಳಿಗ್ಗೆ ಹಾಕಿದರೆ ಸಂಜೆಯವರೆಗೂ ಯೋಚನೆಯಿಲ್ಲ ಎಂದು ಅದರಲ್ಲಿ ಬರೆದಿತ್ತು. ಅದನ್ನು ಅವಳಿಗೆ ಓದಿ ಹೇಳಿದವಳು ನಾನೇ. ನಾನು ಚಪ್ಪಲಿ ಮೆಟ್ಟುತ್ತ ಹೇಳಿದೆ: "ಬರುತ್ತೆ ಅತ್ತಿಗೆ, ಮೂರು ಅಳತೆ ಇದೆ. ನಾಳೆ ತರ್ತೀನಿ."

ತಂದುಕೊಟ್ಟೆ. ಅದೂ ಸಾಲದೆ ಹೋದಾಗ ಜೊತೆಗೆ ದಪ್ಪನೆಯ ಪ್ಯಾಡನ್ನೂ ತಂದೆ. ಅವಳು ಕೇಳಿದ್ದೊಂದನ್ನೂ ನಾನು ತರದೇ ಇರಲಿಲ್ಲ.

ಅತ್ತಿಗೆ ಹೊಲಿಯುತ್ತ ಹೊಲಿಯುತ್ತ ಹಸಿ ಅಕ್ಕಿ ತಿನ್ನತೊಡಗಿದ್ದಳು. ಸೆರಗಿನ ತುದಿಯಲ್ಲಿ ಸದಾ ಒಂದು ಹಿಡಿ ಇರುತ್ತಿತ್ತು. ಅಮ್ಮ ಗದರುತ್ತಿದ್ದಳು: "ಅಕ್ಕಿ ತಿಂದರೆ ಮದುವೇಲಿ ಮಳೆ ಬರುತ್ತೆ."

"ನನ್ನ ಮದುವೆ ಆಗಿ ಇಪ್ಪತ್ತು ವರ್ಷ ಆಯ್ತಲ್ಲ ಅತ್ತೆ. ಬಂದ್ರೆ ಬರಲಿ ಬಿಡಿ."

ನಾವು ಮೂವರೂ ನಕ್ಕೆವು. ನಗುವಾಗ ಅವಳ ವಸಡು ಬಿಳಿಚಿಕೊಂಡಿದ್ದು ನನಗೆ ಕಂಡಿತ್ತು. ಕಂಡದ್ದನ್ನು ಇಂದಿಗೂ ಅಲ್ಲಗಳೆಯಲಾರೆ. ಹೊಲಿಗೆ ಹೆಚ್ಚಾಗಿದೆ, ದಣಿದಿದ್ದಾಳೆ ಎಂದುಕೊಂಡೆ.

ಮತ್ತೊಂದು ಮಧ್ಯಾಹ್ನ ಯಂತ್ರದ ಸದ್ದು ನಡುವೆ ನಿಂತಿತು. ಹೋಗಿ ನೋಡಿದರೆ ಅತ್ತಿಗೆ ಅದರ ಮೇಲೆ ತಲೆಯಿಟ್ಟು ಮಲಗಿದ್ದಳು. ಕರೆದರೆ ಏಳಲಿಲ್ಲ. ಕುರ್ಚಿಯಿಂದ ಹನಿ ಹನಿಯಾಗಿ ನೆಲಕ್ಕೆ ಇಳಿಯುತ್ತಿತ್ತು.

ಆಸ್ಪತ್ರೆಯಲ್ಲಿ ವೈದ್ಯೆ ಅವಳ ಕೆಳರೆಪ್ಪೆಯನ್ನು ಎಳೆದು ನೋಡಿ, "ಎಷ್ಟು ದಿನದಿಂದ ಹೋಗ್ತಿದೆ?" ಎಂದು ಕೇಳಿದಳು.

"ಅವಳಿಗೆ ನಿಂತೇ ಹೋಗಿದೆಯಲ್ಲ," ಎಂದಳು ಅಮ್ಮ.

ಅಣ್ಣ ನೆಲ ನೋಡುತ್ತಿದ್ದ. ಅದು ಅವನಿಗೆ ತಿಳಿದ ವಿಷಯವಾಗಿರಲಿಲ್ಲ. ನಾನು ಹೇಳಿದೆ: "ಹದಿನಾಲ್ಕು ತಿಂಗಳಾಯ್ತು. ಮೂರು ತಿಂಗಳಿಂದ ದಿನಾಲೂ." ನೋಟ್ ಪುಸ್ತಕವಿಲ್ಲದೆಯೇ ಲೆಕ್ಕ ನಾಲಗೆಗೆ ಬಂದಿತು. ಅಮ್ಮ ನಿಧಾನವಾಗಿ ನನ್ನ ಕಡೆ ತಿರುಗಿದಳು.

ಗರ್ಭಕೋಶದಲ್ಲಿ ಬೆಳೆದಿದ್ದ ಗಡ್ಡೆ ಆಗಲೇ ಸುತ್ತಲೂ ಹಬ್ಬಿತ್ತು. ಒಂದು ವರ್ಷದ ಹಿಂದೆ ಬಂದಿದ್ದರೆ ತೆಗೆದುಹಾಕಬಹುದಿತ್ತು ಎಂದು ವೈದ್ಯೆ ಹೇಳಿದಳು. ರಕ್ತ ಕೊಡಿಸಿ ಅತ್ತಿಗೆಗೆ ಎಚ್ಚರವಾದ ಮೇಲೆ ಅವಳು ಕೇಳಿದಳು: "ಇಷ್ಟು ದಿನ ಯಾಕಮ್ಮ ತೋರಿಸಲಿಲ್ಲ?"

ಅತ್ತಿಗೆಗೆ ನನ್ನ ಮುಖ ಕಂಡಿರಬೇಕು. ನನ್ನನ್ನು ಉಳಿಸಲೆಂದೇ ಹೇಳಿದಳು: "ತೊಂದರೆ ಏನೂ ಆಗಲಿಲ್ಲ ಡಾಕ್ಟ್ರೇ. ಇವಳು ಒಳ್ಳೊಳ್ಳೇದು ಹುಡುಕಿ ತಂದುಕೊಡ್ತಿದ್ದಳು."

ಅದಾದ ಮೇಲೆ ಅವಳು ನಾಲ್ಕು ತಿಂಗಳಿದ್ದಳು. ಅಮ್ಮ ನನ್ನನ್ನು ಬೈಯಲಿಲ್ಲ. ಒಮ್ಮೆ ಮಾತ್ರ, ಧೂಳು ಕೊಡವಿದ ನೀಲಿ ಬಟ್ಟೆಯನ್ನು ಯಂತ್ರಕ್ಕೆ ಹೊದಿಸುತ್ತ, "ಇದನ್ನ ಹತ್ತು ದಿನ ತೆಗೆಯೋ ಹಾಗಿಲ್ಲ ಅಂತ ಆಗಿದ್ರೆ, ನಾನೇ ಕೇಳ್ತಿದ್ದೆ," ಎಂದಳು. ಅದು ನಿಜ. ಆ ಬಟ್ಟೆಯೇ ಇಲ್ಲದಿದ್ದರೆ ಅತ್ತಿಗೆ ಮುಚ್ಚಿಡುತ್ತಲೇ ಇರಲಿಲ್ಲ ಎಂದು ನನ್ನ ಬಾಯಿಗೆ ಬಂದಿತ್ತು. ಅದೂ ನಿಜ. ಅಮ್ಮನಿಗೆ ಅದು ಆಗಲೇ ತಿಳಿದಿತ್ತು ಎಂದು ಅವಳು ನಿಂತ ರೀತಿಯಲ್ಲೇ ಗೊತ್ತಾಗುತ್ತಿತ್ತು.

ಅತ್ತಿಗೆ ತೀರಿಕೊಂಡ ಬೆಳಿಗ್ಗೆ ಹಿತ್ತಲಲ್ಲಿ ಸೀರೆಗಳನ್ನು ಮರೆ ಕಟ್ಟಿ ಅವಳಿಗೆ ಸ್ನಾನ ಮಾಡಿಸಿದೆವು. ಅಮ್ಮ, ರುಕ್ಕಮ್ಮ, ನಾನು. ನೀರು ಹಾಕಿ ಮುಗಿದ ಮೇಲೆ ರುಕ್ಕಮ್ಮ ಮೆಲ್ಲಗೆ ಹೇಳಿದಳು: "ಇನ್ನೂ ನಿಂತಿಲ್ಲ ಕಣ್ರೀ."

ನಾನು ಒಳಗೋಡಿ ಅಲಮಾರು ತೆರೆದೆ. ನಾನೇ ತಂದ ಪೊಟ್ಟಣಗಳು ಸಾಲಾಗಿದ್ದವು. ಒಂದರ ಮೇಲೂ ಕೈಯಿಡಲಾಗಲಿಲ್ಲ. ಬರಿಗೈಯಲ್ಲಿ ಹಿಂತಿರುಗಿದೆ.

ಅಷ್ಟರಲ್ಲಿ ಅಮ್ಮ ತನ್ನ ಹಳೆಯ ನೂಲಿನ ಸೀರೆಯೊಂದನ್ನು ತಂದಿದ್ದಳು. ಅದರಿಂದ ಒಂದು ತುಂಡನ್ನು ಹರಿದು ಮಡಿಸಿ, ರುಕ್ಕಮ್ಮನ ಕೈಗೆ ಕೊಡುವ ಮೊದಲು ಕೆನ್ನೆಗೆ ಒತ್ತಿ ನೋಡಿದಳು. ತಲೆಯಾಡಿಸಿ ಅದನ್ನು ಪಕ್ಕಕ್ಕಿಟ್ಟಳು. ಸೀರೆಯ ನಡುಭಾಗದಿಂದ, ಉಟ್ಟು ಉಟ್ಟು ಸವೆದ ಕಡೆಯಿಂದ ಇನ್ನೊಂದನ್ನು ಹರಿದಳು. ಅದನ್ನೂ ಕೆನ್ನೆಗೆ ಒತ್ತಿ, ಕಣ್ಣು ಮುಚ್ಚಿ, ಬಹಳ ಹೊತ್ತು ಹಾಗೇ ಕುಳಿತಳು.