ದಿಂಬಿನೊಳಗಿನ ಚೀಟಿ

ಹಾಸಿಗೆ ಹೊಲಿಯುವ ಹತ್ತಿಯಣ್ಣನಿಗೆ ಅರವತ್ತೆರಡು. ಒಂದು ಹಾಸಿಗೆ ಮುಗಿಯುವಷ್ಟರಲ್ಲಿ ಆರು ಸಲ ಮೂತ್ರಕ್ಕೆ ಏಳುತ್ತಿದ್ದ. "ವಯಸ್ಸಾಯ್ತಲ್ಲ, ಬಿಡಿ," ಎನ್ನುತ್ತಿದ್ದ. ಕೊನೆಗೆ ಡಾಕ್ಟರು ರಕ್ತಪರೀಕ್ಷೆ ಮಾಡಿಸಿ, ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಇರಬಹುದು, ದೊಡ್ಡಾಸ್ಪತ್ರೆಗೆ ಹೋಗಿ ಎಂದು ಚೀಟಿ ಕೊಟ್ಟರು. ಪಕ್ಕದ ಬೀದಿಯ ಬಡಗಿ ಇದೇ ಕಾಯಿಲೆಗೆ ಅಂಗಡಿಯನ್ನೇ ಮಾರಿದ್ದ. ಹತ್ತಿಯಣ್ಣ ಚೀಟಿಯನ್ನು ದಿಂಬಿನೊಳಗೆ ತುರುಕಿ, ಬಾಯಿ ಹೊಲಿದು, ತಲೆಯಡಿಗೇ ಇಟ್ಟುಕೊಂಡ. ಹೆಂಡತಿಗೂ ಹೇಳಲಿಲ್ಲ, ಪುಣ್ಯಾತ್ಮ.

ಮಧ್ಯಾಹ್ನ ಅಂಗಡಿಯ ತುಂಬ ಹತ್ತಿಯ ಎಳೆಗಳು ಬಿಸಿಲಿನಲ್ಲಿ ಮೆಲ್ಲಗೆ ಈಜುತ್ತಿದ್ದವು. ಅವನು ಆ ದಿಂಬಿನ ಮೇಲೆ ಕಣ್ಣು ಮುಚ್ಚಿದರೆ ಸಾಕು, ಅಂಗಡಿಯೂ ಹೊಲಿಗೆ ಯಂತ್ರದ ಸಮೇತ ನೆಲಬಿಟ್ಟೆದ್ದು ತೇಲಿ ಹೋಗುತ್ತಿತ್ತು. ಹಿಡಿಯಲು ಕೈ ಚಾಚಿದರೆ ಸಿಗುತ್ತಿದ್ದುದು ಬರೀ ಹತ್ತಿ.

ಅವನ ತಂಗಿ ಆಸ್ಪತ್ರೆಯಲ್ಲಿ ನರ್ಸು. ಒಂದು ದಿನ ಡ್ಯೂಟಿ ಮುಗಿಸಿ ಅಂಗಡಿಗೆ ಬಂದವಳು ಅದೇ ದಿಂಬಿಗೆ ತಲೆಯಿಟ್ಟಳು.

"ಏನಣ್ಣಾ, ನಿನ್ ದಿಂಬು ಪರಪರ ಅಂತ ಮಾತಾಡುತ್ತೆ?"

ಅವನು ತಡೆಯುವಷ್ಟರಲ್ಲಿ ಹೊಲಿಗೆ ಬಿಚ್ಚಿ ಚೀಟಿ ಓದಿದಳು. ಅವಳ ಕಣ್ಣು ತುಂಬಿತು.

"ಇದರ ಖರ್ಚು ನಂಗೊತ್ತು ಕಣೇ. ಒಂದು ಅಂಗಡಿ," ಎಂದ.

ಅಷ್ಟರಲ್ಲಿ ಗಿರಾಕಿಯೊಬ್ಬಳು ಹಳೆಯ ಹಾಸಿಗೆ ಹೊತ್ತು ತಂದಳು. "ರಿಪೇರಿಗೆ ಎಷ್ಟಾಗುತ್ತೆ?"

"ಬಿಚ್ಚಿ ನೋಡದೆ ಹೇಗಮ್ಮಾ ಹೇಳೋದು?" ಎಂದ ಹತ್ತಿಯಣ್ಣ.

ತಂಗಿ ಅಳುತ್ತಲೇ ನಕ್ಕಳು. "ಕೇಳಿಸ್ಕೊಂಡ್ಯಾ, ನೀನೇ ಏನಂದೆ ಅಂತ? ಹಾಸಿಗೆಗೊಂದು ನ್ಯಾಯ, ನಿನಗೊಂದು ನ್ಯಾಯಾನಾ? ಬಡಗಿ ಆಸ್ಪತ್ರೆಗೆ ಹೋಗಿದ್ದು ಕಾಯಿಲೆ ಮೂಳೆಗೆ ಹಬ್ಬಿದ್ಮೇಲೆ. ಬೇಗ ಗೊತ್ತಾದ್ರೆ ಕೆಲವರಿಗೆ ಆಪರೇಷನ್ನೂ ಬೇಡ, ಆಗಾಗ ಪರೀಕ್ಷೆ ಮಾಡಿ ನೋಡ್ತಾ ಇರ್ತಾರೆ. ಚಿಕಿತ್ಸೆ ಬೇಕಾದ್ರೂ ಎಷ್ಟಾಗುತ್ತೆ ಅಂತ ಮೊದಲೇ ಬರೆಸ್ಕೋಬಹುದು. ಸರ್ಕಾರಿ ಆಸ್ಪತ್ರೆ ಇದೆ, ಸರ್ಕಾರದ್ದೇ ವಿಮೆ ಇದೆ, ನೆರವಿನ ಕೌಂಟರ್ ಇದೆ. ಕೇಳೋಕೂ ಕಾಸು ಕೊಡ್ಬೇಕಾ?"

ಅಂದು ರಾತ್ರಿಯೇ ಹತ್ತಿಯಣ್ಣ ಚೀಟಿಯನ್ನು ಹೆಂಡತಿಯ ಕೈಗಿಟ್ಟ. ಮರುದಿನ ಹೆಂಡತಿಯೂ ಜೊತೆಗೆ ಹೊರಟಳು. ಆಸ್ಪತ್ರೆಯ ಬಿಳಿ ಪಡಸಾಲೆಯಲ್ಲಿ ಪರೀಕ್ಷೆಯ ದಿನಗಳು ಅರೆನಿದ್ದೆಯಲ್ಲಿದ್ದಂತೆ ಸರಿದವು. ಕ್ಯಾನ್ಸರ್ ಇತ್ತು, ಆದರೆ ಗ್ರಂಥಿಯನ್ನು ದಾಟಿರಲಿಲ್ಲ. ಚಿಕಿತ್ಸೆಯ ಖರ್ಚಿನಲ್ಲಿ ಹೆಚ್ಚಿನ ಪಾಲು ವಿಮೆಯಿಂದ ಸಿಗುತ್ತದೆಂದು ಕೌಂಟರಿನವರು ಲೆಕ್ಕ ಬರೆದುಕೊಟ್ಟರು. ಉಳಿದದ್ದು ಮನೆಯವರ ಕೈಗೆಟುಕುವಷ್ಟಿತ್ತು.

"ಅಂಗಡಿ ಉಳೀತು ಕಣೇ," ಎಂದ ಹತ್ತಿಯಣ್ಣ.

ಹೆಂಡತಿಗೆ ಸಿಟ್ಟೂ ದುಃಖವೂ ಒಟ್ಟಿಗೇ ಬಂದವು. "ಅಂಗಡಿ ಹೋಗಿದ್ರೆ ಮರದಡಿ ಕೂತು ಹೊಲೀಬಹುದಿತ್ತು. ನೀವೇ ಹೋಗಿದ್ರೆ ನಾನು ಎಲ್ಲಿ ಕೂರ್ಲಿ?"

ಅವನು ಅವಳ ಕೈ ಹಿಡಿದುಕೊಂಡು ಪಕ್ಕದಲ್ಲೇ ಕುಳಿತ.

ಅಣ್ಣಂದಿರೇ, ಅಪ್ಪಂದಿರೇ, ಮೂತ್ರದ ತೊಂದರೆಯನ್ನು ವಯಸ್ಸಿನ ತಲೆಗೆ ಕಟ್ಟಬೇಡಿ. ಡಾಕ್ಟರಿಗೆ ತೋರಿಸಿ. ಖರ್ಚೆಷ್ಟು, ನೆರವೇನಿದೆ ಎಂದು ಬಾಯಿಬಿಟ್ಟು ಕೇಳಿ. ಮನೆಯವರಿಗೆ ಇವತ್ತೇ ಹೇಳಿ. ನಿಮ್ಮ ಜೀವಕ್ಕೆ ನೀವೊಬ್ಬರೇ ಬೆಲೆ ಕಟ್ಟಬೇಡಿ.