ಸೋರಿಕೆ ಮೇಸ್ತ್ರಿಯ ಚಾವಣಿ

ನಮ್ಮಪ್ಪ ನಲವತ್ತು ವರ್ಷ ಚಾವಣಿಗಳ ಮೇಲೆ ಬೆಳೆದ ಗಿಡ ಕಿತ್ತು ಹೊಟ್ಟೆ ಹೊರೆದವನು. ಯಾರ ಮನೆ ಸೋರಿದರೂ ‘ಸೋರಿಕೆ ಮೇಸ್ತ್ರಿಯನ್ನ ಕರೀರಿ’ ಅನ್ನುತ್ತಿದ್ದರು. ಅಂಥವನ ಕೈಯಲ್ಲೇ ಚಾವಣಿಯ ಮೇಲೆ ಗಿಡ ನೆಡಿಸಲು ಹೊರಟೆನಲ್ಲ, ನನ್ನ ಬುದ್ಧಿಗೆ ಏನು ಹೇಳಬೇಕು!

ಆಗ ಬೇರೆ ದಾರಿ ಕಾಣಲಿಲ್ಲ. ಅಪ್ಪನಿಗೆ ಮರೆವು ಹೆಚ್ಚುತ್ತಿತ್ತು. ಚಪ್ಪಲಿ ಫ್ರಿಜ್ಜಿನಲ್ಲಿ ಸಿಗುತ್ತಿತ್ತು. ಸತ್ತು ಆರು ವರ್ಷವಾದ ಅಮ್ಮ ‘ಇನ್ನೂ ಯಾಕೆ ಬಂದಿಲ್ಲ’ ಎಂದು ನನ್ನನ್ನು ಕೇಳುತ್ತಿದ್ದ. ಪಟ್ಟಣದ ಆ ತುದಿಯಲ್ಲಿ ಡ್ರೈವಿಂಗ್ ಕಲಿಸುವ ನನ್ನ ಅಣ್ಣ ಒಂದು ದಿನ ಬಂದು, ಕುರ್ಚಿಯ ತುದಿಯಲ್ಲಿ ಕೂತು, ವೃದ್ಧಾಶ್ರಮದ ಮಾತು ತೆಗೆದ.

“ನೀನೊಬ್ಬಳೇ ಹೊಲಿಗೆ ಮಷೀನು ತುಳಿತೀಯೋ, ಅಪ್ಪನ್ನ ಕಾಯ್ತೀಯೋ?”

“ಎರಡೂ ಮಾಡ್ತೀನಿ. ನಿನಗೇನು ಕಷ್ಟ? ವಾರಕ್ಕೊಂದ್ಸಲ ಬಂದು ಕಾಫಿ ಕುಡಿದು ಹೋಗೋನಿಗೆ ಬಾಯಿ ಬೇರೆ!”

ನನ್ನ ಬಾಯಿ ಜೋರು. ಅಣ್ಣನಿಗೆ ಅದು ಹೊಸದಲ್ಲ. ತಲೆ ತಗ್ಗಿಸಿಕೊಂಡು, “ಎರಡು ತಿಂಗಳು ನೋಡೋಣ. ಒಂದು ಕೆಲಸ ಹಿಡಿದು ಮುಗಿಸೋಷ್ಟು ತಲೆ ಅಪ್ಪನಿಗೆ ನಿಂತರೆ ಇಲ್ಲೇ ಇರ್ಲಿ. ಇಲ್ದಿದ್ರೆ ನನ್ನ ಮಾತು ಕೇಳ್ಬೇಕು” ಎಂದ. ಒಪ್ಪಿಕೊಂಡೆ. ಅಪ್ಪನನ್ನು ವೃದ್ಧಾಶ್ರಮಕ್ಕೆ ಬಿಟ್ಟು ಬರುವುದು ನನ್ನಿಂದಾಗದ ಮಾತು.

ಹಿತ್ತಲಿನಲ್ಲಿ ಅಪ್ಪನ ಸಾಮಾನಿನ ಶೆಡ್ಡಿದೆ. ತಗಡು ತುಕ್ಕು ಹಿಡಿದು ತೂತು ಬಿದ್ದಿತ್ತು. ನನ್ನ ಹತ್ತಿರ ಬಟ್ಟೆ ಹೊಲಿಸುವ ಒಬ್ಬರು ತಮ್ಮ ಶೆಡ್ಡಿನ ಮೇಲೆ ಗಿಡ ಬೆಳೆಸಿದ ಫೋಟೋ ತೋರಿಸಿದ್ದರು. ಅದನ್ನು ಅಪ್ಪನಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿ, ಬಿದ್ದು ಬಿದ್ದು ನಕ್ಕ.

“ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು! ನೀರು ಇಳಿಯುತ್ತೆ ಕಣೇ. ಬೇರು ಹೋಗಿ ಹಲಗೆ ಸೀಳುತ್ತೆ.”

“ಇಳಿಯದ ಹಾಗೆ ಮಾಡೋಕೆ ನಿನಗೆ ಬರಲ್ವಾ?” ಎಂದೆ. ಹಾಗೆ ಕೇಳಿದರೆ ಸುಮ್ಮನಿರುವ ಜಾತಿಯಲ್ಲ ಅಪ್ಪ.

ಮರುದಿನವೇ ತಗಡು ಕಳಚಿದ. ಮಣ್ಣು ನೆನೆದರೆ ಭಾರ ಒಂದೂವರೆ ಪಟ್ಟಾಗುತ್ತದೆಂದು ನಾಲ್ಕು ಕಂಬ ಹೆಚ್ಚಿಗೆ ಕೊಡಿಸಿದ. ಮೇಲೆ ಹಲಗೆ ಹೊಡೆಸಿ, ತಲೆ ಎತ್ತಿದ್ದ ಒಂದೊಂದು ಮೊಳೆಯನ್ನೂ ಬೆರಳಲ್ಲಿ ಸವರಿ ಹುಡುಕಿ ಒಳಗೆ ಹೊಡೆದ. ಅದರ ಮೇಲೆ ರಬ್ಬರ್ ಶೀಟು. ಅಂಚಿನಲ್ಲಿ ಒಂದು ಗೇಣು ಮೇಲಕ್ಕೆ ಮಡಚಿ, ಮೂಲೆಯನ್ನು ಕತ್ತರಿಸದೆ ಪೊಟ್ಟಣದ ಹಾಗೆ ಮಡಿಸಿದ. “ಮೂಲೆ ಕತ್ತರಿಸಿದೋನು ಮುಂದಿನ ವರ್ಷ ಬೈಸ್ಕೋತಾನೆ” ಎಂದ. ಬೆಳಗ್ಗೆ ತಿಂದ ತಿಂಡಿ ಯಾವುದೆಂದು ಗೊತ್ತಿಲ್ಲದವನ ಕೈಗೆ ಇದೆಲ್ಲ ಹೇಗೆ ಗೊತ್ತಿತ್ತೋ. ನಾನು ಏಣಿ ಹಿಡಿದು ನಿಂತು ಕಣ್ಣೊರೆಸಿಕೊಳ್ಳುತ್ತಿದ್ದೆ. ಖುಷಿಗೆ ಅಂದುಕೊಳ್ಳಿ.

ಸೋರುತ್ತದೆಯೇ ನೋಡಲು ಶೀಟಿನ ಮೇಲೆ ನೀರು ಕಟ್ಟಿ ಎರಡು ದಿನ ಬಿಟ್ಟೆವು. ಅಪ್ಪ ಒಳಗೆ ನೆಲಕ್ಕೆ ಹಳೇ ಪೇಪರ್ ಹಾಸಿ, ಗಳಿಗೆಗೊಂದು ಸಲ ಹೋಗಿ ಮುಟ್ಟಿ ನೋಡುತ್ತಿದ್ದ. ಒಂದು ಹನಿ ಬಿದ್ದಿರಲಿಲ್ಲ. ಆಮೇಲೆ ಬೇರು ತಡೆಯುವ ದಪ್ಪ ಪ್ಲಾಸ್ಟಿಕ್ಕು, ನೀರು ಹರಿಯಲು ಅಂಚಿಗೆ ಜಲ್ಲಿ, ನಡುವೆ ಇಟ್ಟಿಗೆ ಪುಡಿ ಬೆರೆಸಿದ ಹಗುರ ಮಣ್ಣು ಮೂರು ಬೆರಳು ದಪ್ಪ. ಗಿಡ ನೆಡುವಾಗ ಮಾತ್ರ ಅಪ್ಪನ ಕೈ ಓಡಲಿಲ್ಲ. ಸಸಿ ಹಿಡಿದುಕೊಂಡು ನನ್ನ ಮುಖ ನೋಡುತ್ತಿದ್ದ. ನಾನೇ ನೆಟ್ಟೆ, ನೀರು ಉಳಿಸಿಕೊಳ್ಳುವ ದಪ್ಪ ಎಲೆಯ ಪುಟ್ಟ ಗಿಡಗಳನ್ನು. ಆರು ವಾರದಲ್ಲಿ ಮಣ್ಣು ಕಾಣದಷ್ಟು ಹಬ್ಬಿದವು. ಅಣ್ಣನಿಗೆ ಶೆಡ್ಡಿನ ಚಾವಣಿ ಅಪ್ಪ ಹೊಸದಾಗಿ ಮಾಡುತ್ತಿದ್ದಾನೆ ಎಂದಷ್ಟೇ ಹೇಳಿದ್ದೆ. ಗಿಡದ ಸುದ್ದಿ ಎತ್ತಿರಲಿಲ್ಲ, ವಾರದ ಕಾಫಿಗೆ ಬಂದಾಗ ಹಿತ್ತಲಿಗೆ ಕಾಲಿಡಲೂ ಬಿಟ್ಟಿರಲಿಲ್ಲ. ಕೊನೆಗೆ ಒಮ್ಮೆಲೇ ನೋಡಿ ಕಣ್ಣು ಬಿಡಲಿ ಎಂದು.

ಎರಡು ತಿಂಗಳು ಮುಗಿದು ಅವನು ಚಾವಣಿ ನೋಡಲು ಬರಬೇಕಾಗಿದ್ದ ಭಾನುವಾರ ಬೆಳಗ್ಗೆ ನಾನು ಒಂದು ಮದುವೆಯ ರವಿಕೆ ಕೊಡಲು ಹೋದೆ. ಅರ್ಧ ಗಂಟೆಯಲ್ಲಿ ಬರುವವಳು, ತೋಳು ಬಿಗಿ ಅಂದರು, ಅಲ್ಲೇ ಕೂತು ಬಿಚ್ಚಿ ಹೊಲಿದು ಬರುವಷ್ಟರಲ್ಲಿ ಮಧ್ಯಾಹ್ನ ಎರಡೂವರೆಯಾಗಿತ್ತು. ಮುಂಬಾಗಿಲಿಗೆ ಬೀಗ ಹಾಕಿದ್ದೆ. ಹಿತ್ತಲ ಬಾಗಿಲು ಮರೆತಿದ್ದೆ. ಮರೆವು ಅಪ್ಪನಿಗೆ ಮಾತ್ರವಂತೆ!

ಅಪ್ಪ ಶೆಡ್ಡಿನ ಮೇಲಿದ್ದ. ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಏಣಿ ಕೆಳಗೆ ಬಿದ್ದಿತ್ತು. ಚಾವಣಿಯ ಮೇಲೆ ಒಂದು ಎಲೆ ಇರಲಿಲ್ಲ, ಒಂದು ಹಿಡಿ ಮಣ್ಣಿರಲಿಲ್ಲ. ಪ್ಲಾಸ್ಟಿಕ್ಕನ್ನೂ ಸುತ್ತಿ ತೆಗೆದು, ಶೀಟನ್ನು ಗುಡಿಸಿ ತೊಳೆದಿದ್ದ. ಗಿಡ, ಮಣ್ಣು, ಜಲ್ಲಿ ಎಲ್ಲ ಮೂಟೆಗಳಲ್ಲಿ ಬಾಯಿ ಕಟ್ಟಿಸಿಕೊಂಡು ಶೆಡ್ಡಿನ ಹಿಂದೆ ಸಾಲಾಗಿ ನಿಂತಿದ್ದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಇಲ್ಲಿ ಕುಂಬಾರನೇ ದೊಣ್ಣೆ ಎತ್ತಿದ್ದ.

“ಅಯ್ಯೋ ಅಪ್ಪಾ, ಏನು ಮಾಡಿಬಿಟ್ಟೆ!” ಎಂದು ಕಿರುಚಿದೆ.

“ಬಂದ್ರಾ ಅಮ್ಮಾ? ಸ್ವಲ್ಪ ಏಣಿ ಕೊಡಿ” ಎಂದ ನಗುತ್ತಾ. “ಹಿಂಗೆ ಬಿಡ್ತಾರಾ ಚಾವಣೀನ? ಕಾಡು ಬೆಳೆದಿತ್ತು. ಶೀಟ್ ಹಾಕಿದೋನು ಕೆಲಸ ಗೊತ್ತಿರೋನು, ಸುಳ್ಳು ಹೇಳಬಾರದು. ಮೂಲೆ ನೋಡಿ, ಹೆಂಗೆ ಮಡಿಸವ್ನೆ! ಅದರ ಮೇಲೆ ಮಣ್ಣು ಸುರಿದಿದಾನಲ್ಲ, ಅವನು ಮನೆಹಾಳ.”

ಏಣಿ ಎತ್ತಿ ಒರಗಿಸಿ ಹಿಡಿದುಕೊಂಡೆ. ನಾನು ಇನ್ನೊಂದು ಗಳಿಗೆ ತಡವಾಗಿ ಬಂದಿದ್ದರೆ, ಏಣಿ ಬಿದ್ದಿದ್ದನ್ನು ಮರೆತು ಅವನು ಕಾಲಿಡುತ್ತಿದ್ದ. ಇಳಿದು ಬಂದು ಕೈ ತೊಳೆದುಕೊಂಡು, ಯಜಮಾನರು ಮನೆಯಲ್ಲಿಲ್ಲವೇ ಎಂದು ಕೇಳಿದ. ಒಳಗೆ ಕರೆದುಕೊಂಡು ಹೋಗಿ ಊಟಕ್ಕೆ ಹಾಕಿದೆ. ‘ನಿಮ್ಮ ಕೈರುಚಿ ಚೆನ್ನಾಗಿದೆ’ ಎಂದು ಹೊಗಳಿ ತಿಂದ.

ಅಣ್ಣ ಬಂದಾಗ ಅಪ್ಪ ಅವನ ಗುರುತು ಹಿಡಿದ. “ಬಂದ್ಯೇನೋ? ಗಾಡಿ ಎಲ್ಲಿ ನಿಲ್ಲಿಸಿದೆ?” ಎಂದ. ಅಣ್ಣನ ಮುಖ ಅರಳಿತು. ನೇರವಾಗಿ ಹಿತ್ತಲಿಗೆ ಹೋಗಿ ಏಣಿ ಹತ್ತಿ ನೋಡಿದ. ತುಂಬಾ ಹೊತ್ತು ನೋಡಿದ. ಕೆಳಗಿಳಿದವನ ಕಣ್ಣು ಒದ್ದೆಯಾಗಿತ್ತು.

“ಒಂದು ಸುಕ್ಕಿಲ್ಲ ಕಣೇ. ಈಗಿನವರು ಯಾರೂ ಹಿಂಗೆ ಮಾಡಲ್ಲ. ನಾನೇ ದುಡುಕಿದೆ. ಅಪ್ಪ ಇಲ್ಲೇ ಇರ್ಲಿ.”

ನಾನು ಗೆದ್ದಿದ್ದೆ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಜೀವನದಲ್ಲಿ ಒಂದು ಸಲವಾದರೂ ಬಾಯಿ ಮುಚ್ಚಿಕೊಂಡಿರು ಎಂದು ನನಗೆ ನಾನೇ ಹೇಳಿಕೊಂಡೆ. ಒಳಗೆ ಅಪ್ಪ ಅಡುಗೆಮನೆಯಲ್ಲಿ ಏನೋ ಹುಡುಕುತ್ತಿದ್ದ ಸದ್ದು ಕೇಳಿಸಿತು. ಗ್ಯಾಸಿನ ಒಲೆ ಚಟ್ ಚಟ್ ಎಂದಿತು. ಓಡಿಹೋಗಿ ಆರಿಸಿ ಬಂದೆ.

“ಅಣ್ಣಾ, ಹಿಂದೆ ಮೂಟೆಗಳಿವೆ. ಒಂದು ಬಿಚ್ಚಿ ನೋಡು” ಎಂದೆ.

ಬಿಚ್ಚಿದ. ಮುರಿದ ಗಿಡಗಳನ್ನು ಕೈಯಲ್ಲಿ ಹಿಡಿದು ನನ್ನನ್ನು ನೋಡಿದ. ಎಲ್ಲ ಹೇಳಿದೆ. ಏಣಿ ಬಿದ್ದಿದ್ದನ್ನು, ನನ್ನನ್ನು ಯಾರದೋ ಮನೆಯ ಯಜಮಾನಿ ಎಂದು ತಿಳಿದಿದ್ದನ್ನು. ಅಣ್ಣ ಗಿಡಗಳನ್ನು ಒಳಗಿಟ್ಟು ಮೂಟೆಯ ಬಾಯಿ ಮತ್ತೆ ಕಟ್ಟಿದ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಕೊನೆಗೆ ನಾನೇ ಅತ್ತುಕೊಂಡು, “ಕರ್ಕೊಂಡು ಹೋಗೋ. ನನ್ನ ಕೈಲಾಗಲ್ಲ” ಎಂದೆ.

ಹತ್ತು ದಿನ ಬಿಟ್ಟು ಅಣ್ಣ ಕಾರು ತಂದ. ಅಪ್ಪನಿಗೆ ಏನು ಹೇಳುವುದು? ಕೊನೆಗೆ ನಾನು ಬಟ್ಟೆಯ ಚೀಲದ ಜೊತೆಗೆ ಅವನ ಸಾಮಾನಿನ ಚೀಲವನ್ನೂ ಕೈಗೆ ಕೊಟ್ಟೆ.

“ದೊಡ್ಡ ಕಟ್ಟಡ ಅಂತೆ ಮೇಸ್ತ್ರಿ, ಚಾವಣಿ ಸೋರ್ತಿದೆಯಂತೆ. ನಿಮ್ಮನ್ನೇ ಕೇಳಿದಾರೆ.”

ಅಪ್ಪ ಬೆನ್ನು ನೆಟ್ಟಗೆ ಮಾಡಿದ. “ಎಷ್ಟು ದಿನದ ಕೆಲಸವಂತೆ?”

“ದೊಡ್ಡ ಕೆಲಸ. ಬೇಗ ಮುಗಿಯಲ್ಲ.”

ಕಾರಿನಲ್ಲಿ ಕೂತವನು ಬಾಗಿಲು ಹಾಕುವಷ್ಟರಲ್ಲಿ ತಡೆದ. ಮುಖದಲ್ಲಿ ಗಾಬರಿ.

“ಮನೇಲಿ ನನ್ನ ಮಗಳಿಗೆ ಹೇಳೇ ಇಲ್ಲ. ಬಾಗಿಲಲ್ಲೇ ಕೂತಿರುತ್ತೆ ಆ ಕೂಸು, ನಾನು ಬರೋವರೆಗೂ ಊಟ ಮುಟ್ಟಲ್ಲ.”

“ನಾನು ಹೇಳ್ತೀನಿ, ನೀವು ಹೋಗಿ ಬನ್ನಿ” ಎಂದು ಬಾಗಿಲು ಹಾಕಿದೆ.